ಹಳೆ ಸ್ಪೋರ್ಟ್ಸ್ ಕಾರಿಗೆ ಹೊಸ ಡ್ರೈವ್ ಶಾಫ್ಟ್: ದುಡ್ಡು ಮೊದಲು ಹಬ್‌ಗೆ ಹಾಕಿ

ಪುಣೆಯಲ್ಲಿ ಹಳೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡ ಕನ್ನಡಿಗರು ಬೆರಳೆಣಿಕೆಯಷ್ಟು. ಅವರ ಸುತ್ತ ಸೇರುವ ನಮ್ಮಂಥವರೇ ಜಾಸ್ತಿ. ಪಿಂಪ್ರಿ-ಚಿಂಚವಾಡದ ಟೂಲ್ ರೂಮುಗಳಲ್ಲಿ, ಭೋಸರಿಯ ಲೇತ್ ಅಂಗಡಿಗಳಲ್ಲಿ ದುಡಿಯುವ ಬೆಳಗಾವಿ, ಧಾರವಾಡ, ವಿಜಯಪುರ ಕಡೆಯ ಜನ. ಭಾನುವಾರ ಕಾರಿನ ಕೆಳಗೆ ಮಲಗೋಕೆ ಕರೆದರೆ ಯಾರೂ ಇಲ್ಲ ಅನ್ನುವುದಿಲ್ಲ. ಅಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ: "ಇಂಗ್ಲೆಂಡಿನಿಂದ ಸಿವಿ ಜಾಯಿಂಟ್ ಇರುವ ಗಟ್ಟಿ ಡ್ರೈವ್ ಶಾಫ್ಟ್ ತರಿಸೋಣ ಅಂತಿದ್ದೀನಿ. ಯಾವುದು ತರಿಸಲಿ?"

ಡ್ರೈವ್ ಶಾಫ್ಟ್ ಅಂದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಸರಳು, ಸಿವಿ ಜಾಯಿಂಟ್ ಅಂದರೆ ಬಾಗಿದರೂ ಒಂದೇ ವೇಗದಲ್ಲಿ ತಿರುಗಿಸುವ ಕೀಲು. ತರಿಸಿ, ಬೇಡ ಅನ್ನುವುದಿಲ್ಲ. ಆದರೆ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ನೋಡದೆ ಶಾಫ್ಟ್ ಕೊಳ್ಳಬೇಡಿ. ಶಾಫ್ಟ್ ಮುರಿದರೆ ಸಾಮಾನ್ಯವಾಗಿ ಕಾರು ನಿಲ್ಲುತ್ತದೆ. ಹಬ್ ಮುರಿದರೆ ಚಕ್ರ ಕಾರನ್ನು ಬಿಟ್ಟು ತನ್ನ ದಾರಿ ಹಿಡಿಯುತ್ತದೆ. ಈ ಎರಡರ ಬೆಲೆ ಒಂದೇ ಅಲ್ಲ. ಯಾಕೆ ಹಾಗೆ ಅಂತ ನೋಡೋಣ.

ಯಾವುದು ತಿರುಗಿಸುತ್ತದೆ, ಯಾವುದು ಹೊರುತ್ತದೆ

ಎಂಜಿನ್ನಿನ ಬಲ ಗೇರ್‌ಬಾಕ್ಸ್ ದಾಟಿ, ಪ್ರೊಪೆಲರ್ ಶಾಫ್ಟ್ ಮೂಲಕ, ಬಲವನ್ನು ಎರಡು ಚಕ್ರಕ್ಕೆ ಹಂಚುವ ಹಿಂದಿನ ಡಿಫರೆನ್ಶಿಯಲ್‌ಗೆ ಬರುತ್ತದೆ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ಶಾಫ್ಟ್. ಶಾಫ್ಟಿನ ತುದಿಗೆ ಹಬ್, ಹಬ್‌ಗೆ ಚಕ್ರ. ಅಂಬಾಸಿಡರ್, ಪದ್ಮಿನಿಗಳಲ್ಲಿ ಈ ಎರಡೂ ಶಾಫ್ಟ್ ಒಂದೇ ಹೌಸಿಂಗ್ ಒಳಗೆ ಅಡಗಿರುತ್ತವೆ. ಇಡೀ ಹೌಸಿಂಗ್ ಒಟ್ಟಿಗೆ ಕುಣಿಯುತ್ತದೆ. ಆದರೆ 1960ರ ದಶಕದ ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಡಿಫರೆನ್ಶಿಯಲ್ ಚಾಸಿಗೆ ಕಚ್ಚಿ ಕೂತಿರುತ್ತದೆ, ಹಿಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಮೇಲೆಕೆಳಗೆ ಆಡುತ್ತವೆ. ಹಾಗಾಗಿ ಶಾಫ್ಟ್ ತಿರುಗುತ್ತಲೇ ಬಾಗಬೇಕು, ಉದ್ದವೂ ಹೆಚ್ಚುಕಡಿಮೆ ಆಗಬೇಕು.

ಇನ್ನೊಂದು ಕೆಲಸವೂ ಇದೆ, ಭಾರ ಹೊರುವುದು. ಅದನ್ನು ಯಾರು ಮಾಡುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬೆಂಗಳೂರು ಹೆದ್ದಾರಿಯಲ್ಲಿ ಲಾರಿ ಪಕ್ಕ ನಿಂತಾಗ ಅದರ ಹಿಂದಿನ ಚಕ್ರದ ನಡುವೆ ನೋಡಿ. ಸುತ್ತ ಬೋಲ್ಟುಗಳಿರುವ ದಪ್ಪ ಮುಚ್ಚಳದಂಥದು ಕಾಣುತ್ತದೆ. ಅದು ಆಕ್ಸಲ್ ಶಾಫ್ಟಿನ ತಲೆ. ಬೋಲ್ಟು ಬಿಚ್ಚಿ, ಜಾಕ್ ಕೂಡ ಹಾಕದೆ, ಶಾಫ್ಟನ್ನು ಎಳೆದು ತೆಗೆಯಬಹುದು. ಚಕ್ರ ಅಲ್ಲೇ ಇರುತ್ತದೆ. ಯಾಕೆಂದರೆ ಅಲ್ಲಿ ಭಾರ ಹೊರುವುದು ಹೌಸಿಂಗ್ ಮೇಲೆ ಬೇರಿಂಗ್ ಹಾಕಿ ಕೂರಿಸಿದ ಹಬ್. ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ನಮ್ಮ ಸ್ಪೋರ್ಟ್ಸ್ ಕಾರುಗಳಲ್ಲಿ ಹೀಗೆ ಕೆಲಸ ಹಂಚಿರುವುದಿಲ್ಲ.

ಟ್ರಯಂಫ್ ಸ್ಪಿಟ್‌ಫೈರ್ ತಗೊಳ್ಳಿ. ಅದರ ಹಿಂಭಾಗ ಟ್ರಯಂಫ್ ಹೆರಾಲ್ಡ್‌ನದೇ. ಹೆರಾಲ್ಡ್ ನಮಗೆ ಹೊಸದಲ್ಲ, 1961ರಿಂದ ಮದ್ರಾಸಿನಲ್ಲಿ ಸ್ಟಾಂಡರ್ಡ್ ಹೆರಾಲ್ಡ್ ಅಂತ ತಯಾರಾಗುತ್ತಿತ್ತು. ಪ್ರತಿ ಬದಿಗೆ ಒಂದೇ ಜಾಯಿಂಟ್, ಅದೂ ಡಿಫರೆನ್ಶಿಯಲ್ ಪಕ್ಕದಲ್ಲಿ. ಚಕ್ರ ಮೇಲೆ ಹೋದರೆ ಶಾಫ್ಟ್ ಜೊತೆಗೇ ವಾಲುತ್ತದೆ. ಅಂದರೆ ಅಲ್ಲಿ ಶಾಫ್ಟೇ ಚಕ್ರವನ್ನು ಹಿಡಿದಿರುವ ತೋಳು. ಹೊರತುದಿಯಲ್ಲಿ, ಬೇರಿಂಗ್ ಪಕ್ಕದಲ್ಲಿ ಅದು ಮುರಿದರೆ ಚಕ್ರ ಹೋಯಿತು. ನಮ್ಮಲ್ಲಿ ಈ ಹಿಂಭಾಗ ಮೆಕ್ಯಾನಿಕ್‌ಗಳಿಗೂ ಹಿಡಿಸಲಿಲ್ಲ, ಓಡಿಸುವವರಿಗೂ ಹಿಡಿಸಲಿಲ್ಲ. ಆಮೇಲೆ ಬಂದ ಸ್ಟಾಂಡರ್ಡ್ ಗೆಜೆಲ್‌ಗೆ ಸಾದಾ ಗಟ್ಟಿ ಆಕ್ಸಲ್ ಹಾಕಿದರು.

ಜಾಗ್ವಾರ್ ಇ-ಟೈಪ್‌ನಲ್ಲಿ ಎರಡು ಜಾಯಿಂಟ್ ಇವೆ, ಆದರೆ ಶಾಫ್ಟ್ ಉದ್ದ ಬದಲಾಗುವುದಿಲ್ಲ. ಅದೇ ಸಸ್ಪೆನ್ಶನ್ನಿನ ಮೇಲಿನ ಲಿಂಕ್. ಅದಕ್ಕೆ ಒಳಗೆ-ಹೊರಗೆ ಜಾರುವ ಸಿವಿ ಶಾಫ್ಟ್ ಹಾಕಿದರೆ ಚಕ್ರದ ಮೇಲ್ಭಾಗವನ್ನು ಹಿಡಿಯುವವರೇ ಇರುವುದಿಲ್ಲ. ಹಾಕಲೇಬೇಕು ಅಂದರೆ ಬೇರೆ ಲಿಂಕ್ ಸೇರಿಸಬೇಕು. ಅದು ಶಾಫ್ಟ್ ಬದಲಾವಣೆ ಅಲ್ಲ, ಸಸ್ಪೆನ್ಶನ್ನನ್ನೇ ಹೊಸದಾಗಿ ಕಟ್ಟುವುದು.

ಟ್ರಯಂಫ್ ಟಿಆರ್6 ಮೂರನೇ ಜಾತಿ. ಅಲ್ಲಿ ಚಕ್ರವನ್ನು ಹಿಡಿಯುವುದು ಬೇರೆ ತೋಳು. ಶಾಫ್ಟಿಗೆ ಎರಡು ಜಾಯಿಂಟ್, ನಡುವೆ ಸ್ಪ್ಲೈನ್, ಅಂದರೆ ಒಂದರೊಳಗೊಂದು ಕೂತು ಜಾರುವ ಹಲ್ಲುಗಳ ಜೋಡಣೆ. ಸಿವಿ ಶಾಫ್ಟಿಗೆ ಒಗ್ಗುವ ಕಾರು ಇದು. 1962ರಲ್ಲಿ ಬಂದ ಲೋಟಸ್ ಎಲಾನ್‌ನಲ್ಲಿ ಲೋಹದ ಜಾಯಿಂಟ್ ಬದಲು ದಪ್ಪ ರಬ್ಬರ್ ಉಂಗುರಗಳಿವೆ. ಅವು ಬಲ ಬಿದ್ದಾಗ ತಿರುಚಿಕೊಳ್ಳುತ್ತವೆ, ಬಿಟ್ಟಾಗ ವಾಪಸ್ ಬರುತ್ತವೆ. ಹಾಗಾಗಿ ಕ್ಲಚ್ ಬಿಡುವಾಗ ಕಾರು ಎಳೆದಾಡುತ್ತದೆ. ರಬ್ಬರ್ ಬಿರಿದರೆ ಶಾಫ್ಟ್ ಬೀಸಾಡಿ ಚಾಸಿಗೆ ಬಡಿಯುತ್ತದೆ. ಎಲಾನ್ ಇರುವವರಿಗೆ ನಾನು ಜಾಸ್ತಿ ಹೇಳುವುದಿಲ್ಲ, ಸಿವಿ ಹಾಕಿಸಿ.

ನಿಮ್ಮ ಕಾರು ಇದರಲ್ಲಿ ಯಾವ ಜಾತಿ ಅಂತ ಗೊತ್ತಾಗದೆ ಕ್ಯಾಟಲಾಗ್ ತೆರೆಯಬೇಡಿ. ಮುಂದೆ ಹೇಳುವುದನ್ನೆಲ್ಲ ಟಿಆರ್6 ಇಟ್ಟುಕೊಂಡೇ ಹೇಳುತ್ತೇನೆ. ಲೆಕ್ಕ ಮಾಡೋಕೆ ಅದು ಸುಲಭ.

ಕ್ರಾಸ್ ಮತ್ತು ಸ್ಪ್ಲೈನ್

ಹಳೆ ಶಾಫ್ಟಿನ ಎರಡು ತುದಿಗೂ ಇರುವುದು ನಮ್ಮ ಗ್ಯಾರೇಜುಗಳಲ್ಲಿ ಕ್ರಾಸ್ ಅನ್ನುವ ಯೂನಿವರ್ಸಲ್ ಜಾಯಿಂಟ್. ಕೂಡಿಸುವ ಚಿಹ್ನೆಯಂಥ ಉಕ್ಕಿನ ತುಂಡು, ನಾಲ್ಕು ತುದಿಗೆ ನಾಲ್ಕು ಸೂಜಿ ಬೇರಿಂಗ್ ಬಟ್ಟಲು. ಗಟ್ಟಿ ಸಾಮಾನು, ಲಾರಿಯನ್ನೂ ಎಳೆಯುತ್ತದೆ. ಆದರೆ ಇದಕ್ಕೊಂದು ಹುಟ್ಟುಗುಣ ಇದೆ. ಜಾಯಿಂಟ್ ಬಾಗಿದ್ದಾಗ ಒಳಗೆ ಒಂದೇ ವೇಗದಲ್ಲಿ ತಿರುಗಿಸಿದರೂ ಹೊರಗೆ ಒಂದೇ ವೇಗ ಬರುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. 10 ಡಿಗ್ರಿ ಬಾಗಿದ್ದರೆ ಈ ಏರಿಳಿತ ಎರಡೂ ಕಡೆ ಸುಮಾರು ಶೇ. 1.5. 20 ಡಿಗ್ರಿಗೆ ಶೇ. 6 ಆಗುತ್ತದೆ. ಕೋನ ಎರಡರಷ್ಟಾದರೆ ಕಾಟ ನಾಲ್ಕರಷ್ಟು.

ಇದಕ್ಕೆ ಮದ್ದು ಎರಡನೇ ಜಾಯಿಂಟ್. ಒಂದು ಮಾಡಿದ ಏರಿಳಿತವನ್ನು ಇನ್ನೊಂದು ಉಲ್ಟಾ ಮಾಡಿ ಅಳಿಸುತ್ತದೆ. ಷರತ್ತು ಎರಡು. ಎರಡೂ ಜಾಯಿಂಟಿನ ಕೋನ ಸಮ ಇರಬೇಕು. ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಎರಡನೆಯದನ್ನು ಮೆಕ್ಯಾನಿಕ್‌ಗಳು ಮರೆಯುತ್ತಾರೆ. ಸ್ಪ್ಲೈನ್ ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿ, ಒಂದೆರಡು ಹಲ್ಲು ಆಚೀಚೆ ಕೂರಿಸಿಬಿಡುತ್ತಾರೆ. ಆಮೇಲೆ "ಎಂಬತ್ತರ ಮೇಲೆ ಹಿಂದೆ ಗಡಗಡ ಅನ್ನುತ್ತೆ, ಹೊಸ ಶಾಫ್ಟ್ ಬೇಕು" ಅಂತ ದೂರು. ಬಿಚ್ಚುವ ಮೊದಲು ಪೇಂಟ್‌ನಿಂದ ಒಂದು ಗೆರೆ ಎಳೆದಿದ್ದರೆ ಸಾಕಿತ್ತು, ಅಲ್ವಾ? ಖರ್ಚಿನ ಮಾತಿಗೆ ಮುಂಚೆ ಇದನ್ನು ಪರೀಕ್ಷಿಸಿ.

ಕ್ರಾಸ್‌ಗಿಂತ ದೊಡ್ಡ ತಲೆನೋವು ನಡುವಿನ ಸ್ಪ್ಲೈನ್. ಚಕ್ರ ಆಡಿದಾಗ ಅದು ಜಾರಬೇಕು. ಆದರೆ ಎಂಜಿನ್ ಬಲ ಹಾಕಿದಾಗ ಹಲ್ಲುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಎಷ್ಟು? ಸ್ಪ್ಲೈನ್ ವ್ಯಾಸ 32 ಮಿ.ಮೀ. ಅಂತ ಇಟ್ಟುಕೊಳ್ಳಿ. ಶಾಫ್ಟಿನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ) ಇದ್ದರೆ ಹಲ್ಲುಗಳ ಮೇಲಿನ ಒತ್ತಡ ಮೂರು ಟನ್ ದಾಟುತ್ತದೆ. ಗ್ರೀಸ್ ಸುಮಾರಾಗಿದ್ದರೆ, ಅದನ್ನು ಜಾರಿಸೋಕೆ 400 ಕಿಲೋಗೂ ಮೇಲಿನ ತಳ್ಳುಬಲ ಬೇಕು. ಚಕ್ರ ಆಡಿದಷ್ಟು ಸ್ಪ್ಲೈನ್ ಓಡುವುದಿಲ್ಲ, ಹಾಗಾಗಿ ಅಷ್ಟೂ ಬಲ ಚಕ್ರಕ್ಕೆ ತಾಗುವುದಿಲ್ಲ, ನಿಜ. ಆದರೂ ಹಿಂದಿನ ಸಸ್ಪೆನ್ಶನ್ ಅರ್ಧ ಕಟ್ಟಿ ಹಾಕಿದ ಹಾಗೆ ಆಗುತ್ತದೆ. ತಾಮ್ಹಿಣಿ ಘಾಟಿನ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿ ಹೋಗುತ್ತಿದ್ದೀರಿ. ಎದುರಿಗೆ ಎಸ್‌ಟಿ ಬಸ್ಸು ಬಂತು, ಕಾಲು ತೆಗೆದಿರಿ. ಟಾರ್ಕ್ ಹೋಯಿತು, ಸ್ಪ್ಲೈನ್ ಒಮ್ಮೆಲೇ ಬಿಟ್ಟಿತು, ಚಕ್ರ ತಟ್ಟನೆ ಜಾಗ ಬದಲಿಸಿತು. ಕಾರಿನ ಹಿಂಭಾಗ ಒಂದು ಕಡೆ ಜಗ್ಗುತ್ತದೆ. ಟಿಆರ್ ಓಡಿಸುವವರಿಗೆಲ್ಲ ಗೊತ್ತಿರುವ ಚಾಳಿ ಇದು. ಟೈರು, ಶಾಕ್ ಅಬ್ಸಾರ್ಬರ್ ಬದಲಿಸಿ ಸುಸ್ತಾದವರೂ ಇದ್ದಾರೆ.

ಕ್ರಾಸ್ ಏರಿಳಿತ, ಸ್ಪ್ಲೈನ್ ಕಚ್ಚುವಿಕೆ, ಸಿವಿ ಜಾಯಿಂಟ್ ಎರಡನ್ನೂ ಒಟ್ಟಿಗೆ ಕಳೆಯುತ್ತದೆ. ಇದು ನಮಗೆ ಮಾರುತಿ 800ರಿಂದಲೇ ಪರಿಚಯ. ಮುಂದಿನ ಚಕ್ರ ಪೂರ್ತಿ ತಿರುಗಿಸಿದಾಗ ಕಟಕಟ ಅಂದರೆ ಬೂಟ್ (ಜಾಯಿಂಟ್ ಮುಚ್ಚುವ ರಬ್ಬರ್ ಚೀಲ) ಹರಿದಿದೆ, ಆಕ್ಸಲ್ ಹೋಗಿದೆ ಅಂತ ಬೀದಿ ಮೆಕ್ಯಾನಿಕ್ಕೂ ಹೇಳುತ್ತಾನೆ. ಒಳಗೆ ಆರು ಉಕ್ಕಿನ ಗುಂಡು. ಅವು ಎರಡೂ ಶಾಫ್ಟಿನ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ಇರುವ ಹಾಗೆ ಕಾಲುವೆಗಳನ್ನು ಕೊರೆದಿರುತ್ತಾರೆ. ಹಾಗಾಗಿ ಬಾಗಿದರೂ ವೇಗ ಒಂದೇ. 1920ರ ದಶಕದಲ್ಲಿ ಆಲ್‌ಫ್ರೆಡ್ ರೆಪ್ಪಾ ಇದಕ್ಕೆ ಪೇಟೆಂಟ್ ಮಾಡಿಸಿದ. 1959ರ ಮಿನಿ ಕಾರು ಇದನ್ನು ಮನೆಮನೆಗೆ ತಂದಿತು. ಡಿಫರೆನ್ಶಿಯಲ್ ಕಡೆಯ ಜಾಯಿಂಟ್ ಒಳಗೆ-ಹೊರಗೆ ಜಾರುವ ಜಾತಿಯದು. ಅಲ್ಲಿ ಗುಂಡುಗಳು ಉರುಳುತ್ತವೆ, ಹಲ್ಲಿನ ಹಾಗೆ ಉಜ್ಜುವುದಿಲ್ಲ. ಆ ಜಗ್ಗುವ ಚಾಳಿ ಹೋಗುವುದು ಇದರಿಂದ.

ಹಾಗಂತ ಸಿವಿ ಅಂದರೆ ಎಲ್ಲ ಸರಿ ಅಂತಲ್ಲ. ಜಾರುವ ಸಿವಿ ಜಾಯಿಂಟ್‌ಗೆ ಕೋನದ ಮಿತಿ ಇದೆ, ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸು. ಓಡುವಾಗ ಅಷ್ಟು ಬರುವುದಿಲ್ಲ. ಆದರೆ ಕಾರನ್ನು ಲಿಫ್ಟ್ ಮೇಲೆ ಏರಿಸಿ ಚಕ್ರ ಜೋತುಬಿದ್ದಾಗ ಬರುತ್ತದೆ. ಆಗ ಯಾರಾದರೂ ಎಂಜಿನ್ ಶುರು ಮಾಡಿ ಗೇರ್ ಹಾಕಿದರೆ ಜಾಯಿಂಟ್ ಒಳಗೇ ಕಚ್ಚಿಕೊಳ್ಳುತ್ತದೆ. ಇನ್ನೊಂದು, ಬೂಟ್. ನಮ್ಮ ಜುಲೈ ತಿಂಗಳ ಕೆಸರು ಒಂದು ಸಣ್ಣ ಸೀಳಿನಿಂದ ಒಳಗೆ ಹೋದರೂ ಜಾಯಿಂಟ್ ಬಾಳುವುದಿಲ್ಲ. ಸೈಲೆನ್ಸರ್ ಪೈಪ್ ಬೂಟಿಗೆ ತೀರಾ ಹತ್ತಿರ ಹಾದರೆ ರಬ್ಬರ್ ಒಣಗಿ ಬಿರಿಯುತ್ತದೆ. ಕ್ರಾಸ್‌ಗಾದರೆ ಗ್ರೀಸ್ ಗನ್ ಹಿಡಿದು ಒತ್ತಿದರೆ ನೀರು ಕೆಸರು ಹೊರಬರುತ್ತದೆ, ಮತ್ತೆ ಓಡುತ್ತದೆ.

ಹಾಗಾಗಿ ಭಾನುವಾರ ಬೆಳಿಗ್ಗೆ ಲವಾಸಾವರೆಗೆ ಹೋಗಿ ತಿಂಡಿ ತಿಂದು ಬರುವವರಿಗೆ ನಾನು ಸಿವಿ ಹೇಳುವುದಿಲ್ಲ. ಒಳ್ಳೆ ಕಂಪನಿಯ ಹೊಸ ಕ್ರಾಸ್, ನೈಲಾನ್ ಲೇಪನ ಮಾಡಿದ ಸ್ಪ್ಲೈನ್, ಗೆರೆ ಹೊಂದಿಸಿ ಜೋಡಣೆ. ಅಷ್ಟು ಸಾಕು. ಕ್ರಾಸ್ ಕೊಳ್ಳುವಾಗ ಒಂದು ವಿಷಯ: ಗ್ರೀಸ್ ನಿಪ್ಪಲ್ ಇರುವ ಕ್ರಾಸ್ ಒಳಗೆ ತೂತು ಕೊರೆದಿರುತ್ತಾರೆ, ಸೀಲ್ ಆಗಿ ಬರುವ ಘನ ಕ್ರಾಸ್ ಅದಕ್ಕಿಂತ ಗಟ್ಟಿ. ರೇಸಿಗೆ ಘನ, ಮಳೆಗಾಲದ ರಸ್ತೆಗೆ ನಿಪ್ಪಲ್ ಇರುವುದು. ನಾನಾದರೆ ಹೀಗೆ ಆರಿಸುತ್ತೇನೆ.

ಎಷ್ಟು ಗಟ್ಟಿ ಬೇಕು?

ಜಾಹೀರಾತುಗಳಲ್ಲಿ ಶಾಫ್ಟ್ ಇಷ್ಟು ಕುದುರೆ ಶಕ್ತಿ ತಡೆಯುತ್ತದೆ ಅಂತ ಬರೆದಿರುತ್ತಾರೆ. ಶಾಫ್ಟಿಗೆ ಕುದುರೆ ಶಕ್ತಿ ಗೊತ್ತಾಗುವುದಿಲ್ಲ, ಟಾರ್ಕ್ ಮಾತ್ರ ಗೊತ್ತಾಗುತ್ತದೆ. ಇಂಜೆಕ್ಷನ್ ಇರುವ ಟಿಆರ್6ರ 2,498 ಸಿಸಿ ಎಂಜಿನ್ ಹೆಚ್ಚೆಂದರೆ ಸುಮಾರು 220 ನ್ಯೂಟನ್ ಮೀಟರ್ ಕೊಡುತ್ತದೆ. ಮೊದಲ ಗೇರ್ ಅದನ್ನು ಮೂರರಷ್ಟು ಮಾಡುತ್ತದೆ, ಡಿಫರೆನ್ಶಿಯಲ್ 3.45ರಷ್ಟು. ಗುಣಿಸಿದರೆ ಹತ್ತಿರ ಹತ್ತಿರ 2,280. ಎರಡು ಶಾಫ್ಟಿಗೆ ಹಂಚಿ, ಒಂದೊಂದಕ್ಕೆ 1,140.

ಆದರೆ ಅಷ್ಟು ಬಲವನ್ನು ಟೈರು ನೆಲಕ್ಕೆ ದಾಟಿಸಬೇಕಲ್ಲ? ಹಿಂದಿನ ಒಂದು ಚಕ್ರದ ಮೇಲೆ 300 ಕಿಲೋ ಭಾರ, ಟೈರಿನ ಹಿಡಿತ 0.8, ಚಕ್ರದ ತ್ರಿಜ್ಯ 0.31 ಮೀಟರ್ ಅಂತ ಇಟ್ಟುಕೊಂಡರೆ, ಸುಮಾರು 730 ನ್ಯೂಟನ್ ಮೀಟರಿಗೇ ಟೈರು ಜಾರಿಬಿಡುತ್ತದೆ. ಕಾರು ಜಿಗಿದು ಹೊರಡುವಾಗ ಭಾರ ಹಿಂದಕ್ಕೆ ಬರುತ್ತದೆ, ಅದಕ್ಕೆ ಸ್ವಲ್ಪ ಸೇರಿಸಿ. ಅಷ್ಟೇ. ಶಾಫ್ಟಿನ ಹೊರೆಗೆ ಮಿತಿ ಹಾಕುವುದು ಎಂಜಿನ್ ಅಲ್ಲ, ಟೈರು. ಸಾದಾ ಟೈರು ತೆಗೆದು ಹಿಡಿತ 1.1 ಇರುವ ಮೆತ್ತನೆ ರೇಸ್ ಟೈರು ಹಾಕಿದ ದಿನ ಆ 730 ಒಂದು ಸಾವಿರ ಆಗುತ್ತದೆ. ಎಂಜಿನ್ನಿಗೆ ಕೈ ಹಚ್ಚದಿದ್ದರೂ! ಹಾಗಾಗಿ "ನನ್ನ ಎಂಜಿನ್ ಸ್ಟಾಂಡರ್ಡ್, ಶಾಫ್ಟ್ ಚಿಂತೆ ಇಲ್ಲ" ಅನ್ನುವ ಮಾತು ನಂಬಬೇಡಿ. ಯಾವ ಟೈರು ಅಂತ ಕೇಳಿ. ಕ್ಲಚ್ಚನ್ನು ಪಟ್ಟಂತ ಬಿಡುವವರದು ಬೇರೆ ಕಥೆ, ಆ ಒಂದು ಕ್ಷಣದ ಪೆಟ್ಟಿಗೆ ಈ ಲೆಕ್ಕ ಸಾಲದು.

ದಪ್ಪದ ವಿಷಯ. ತಿರುಚುವ ಬಲಕ್ಕೆ ಶಾಫ್ಟಿನ ತಾಳಿಕೆ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. 25 ಮಿ.ಮೀ. ಶಾಫ್ಟನ್ನು 28 ಮಾಡಿದರೆ ಶೇ. 40ರಷ್ಟು ಜಾಸ್ತಿ ತಡೆಯುತ್ತದೆ. ಮೂರು ಮಿಲಿಮೀಟರಿಗೆ! ಆದರೆ ಮುರಿಯುವುದು ನಡುವೆ ಅಲ್ಲ, ಸ್ಪ್ಲೈನ್ ಶುರುವಾಗುವ ಕಡೆ ಅಥವಾ ವ್ಯಾಸ ತಟ್ಟನೆ ಬದಲಾಗುವ ಮೂಲೆಯಲ್ಲಿ. ಅದಕ್ಕೇ ತಿಳಿದವರು ಮಾಡಿದ ಶಾಫ್ಟಿನ ನಡುಭಾಗ ಸ್ಪ್ಲೈನಿನ ಬುಡಕ್ಕಿಂತ ಸ್ವಲ್ಪ ತೆಳ್ಳಗಿರುತ್ತದೆ, ಮೂಲೆಗಳು ದುಂಡಗಿರುತ್ತವೆ. ತಿರುಚುವಿಕೆ ಉದ್ದಕ್ಕೂ ಹರಡಲಿ ಅಂತ. ಎರಡು ಶಾಫ್ಟ್ ಪಕ್ಕದಲ್ಲಿಟ್ಟು ದಪ್ಪನೆಯದನ್ನು ಆರಿಸುವುದಕ್ಕಿಂತ ಮೂಲೆಗೆ ಉಗುರು ಆಡಿಸಿ ನೋಡುವುದು ಒಳ್ಳೆಯದು.

ಹಬ್

ಈಗ ಮುಖ್ಯ ವಿಷಯಕ್ಕೆ. ಟಿಆರ್6ರಂಥ ಕಾರಿನ ಹಿಂದಿನ ಹಬ್‌ನಲ್ಲಿ ಒಂದು ಗಿಡ್ಡ ಶಾಫ್ಟ್ ಬೇರಿಂಗ್ ಜೋಡಿಯ ಮೂಲಕ ಹೊರಬರುತ್ತದೆ. ಅದರ ತುದಿ ಚೂಪಾಗುತ್ತಾ ಹೋಗುತ್ತದೆ, ಟೇಪರ್. ಅದರ ಮೇಲೆ ಚಕ್ರ ಕೂರುವ ತಟ್ಟೆ, ಅಂದರೆ ಫ್ಲಾಂಜ್, ನಡುವೆ ಒಂದು ಚಾವಿ (ಎರಡೂ ಜಾರದಂತೆ ಹಿಡಿಯುವ ಉಕ್ಕಿನ ಸಣ್ಣ ತುಂಡು), ಕೊನೆಗೆ ದೊಡ್ಡ ನಟ್ಟು. ಚಕ್ರದ ಇಡೀ ಭಾರ, ತಿರುವಿನ ತಳ್ಳಾಟ, ಎಂಜಿನ್ನಿನ ತಿರುಚು, ಎಲ್ಲವೂ ಆ ಟೇಪರಿನ ಬುಡದ ಮೇಲೆ.

ತಿರುವಿನಲ್ಲಿ ಏನಾಗುತ್ತದೆ ನೋಡಿ. ಹೊರಗಿನ ಚಕ್ರದ ಮೇಲೆ 400 ಕಿಲೋ ಇದೆ. ಟೈರು ನೆಲವನ್ನು ಪಕ್ಕಕ್ಕೆ ಹಿಡಿದಿದೆ. ಆ ಹಿಡಿತ 0.8 ಅಂದರೆ, 0.31 ಮೀಟರ್ ತೋಳಿನಲ್ಲಿ ಗಿಡ್ಡ ಶಾಫ್ಟನ್ನು ಬಗ್ಗಿಸುವ ಬಲ ಸುಮಾರು 970 ನ್ಯೂಟನ್ ಮೀಟರ್. ಶಾಫ್ಟನ್ನು ತಿರುಚುವ 730ಕ್ಕಿಂತ ಇದು ಜಾಸ್ತಿ. ಅಷ್ಟೇ ಅಲ್ಲ. ತಿರುಚುವ ಬಲ ಒಂದೇ ದಿಕ್ಕಿನಲ್ಲಿ ಇರುತ್ತದೆ, ಬಗ್ಗಿಸುವ ಬಲ ಪ್ರತಿ ಸುತ್ತಿಗೂ ಉಲ್ಟಾ ಆಗುತ್ತದೆ. ಶಾಫ್ಟಿನ ಮೇಲ್ಮೈಯ ಒಂದು ಚುಕ್ಕೆ ಮೇಲಿದ್ದಾಗ ಎಳೆತ, ಕೆಳಗೆ ಬಂದಾಗ ಒತ್ತಡ. ಬೈಂಡಿಂಗ್ ವೈರನ್ನು ಆಚೀಚೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಆಟ. ಈ ಟೈರು ಒಂದು ಕಿಲೋಮೀಟರಿಗೆ ಸುಮಾರು 510 ಸುತ್ತು ತಿರುಗುತ್ತದೆ. 2,000 ಕಿಲೋಮೀಟರಿಗೆ ಹತ್ತು ಲಕ್ಷ ಸಲ. ಒಂದು ಲಕ್ಷ ಕಿಲೋಮೀಟರ್ ಓಡಿದ ಕಾರಿನಲ್ಲಿ ಐದು ಕೋಟಿ ಸಲ. ನೆಟ್ಟಗಿನ ರಸ್ತೆಯಲ್ಲಿ ಬಾಗು ಸಣ್ಣದು, ಘಾಟಿಯಲ್ಲಿ ದೊಡ್ಡದು, ಆದರೆ ಎಣಿಕೆ ನಿಲ್ಲುವುದಿಲ್ಲ.

ಇದರ ಜೊತೆಗೆ ಚಾವಿ ಕೂರುವ ಕಾಲುವೆ. ದುಂಡನೆ ಉಕ್ಕಿನಲ್ಲಿ ಚೂಪು ಮೂಲೆಯ ಒಂದು ಕಾಲುವೆ ಕೊರೆದರೆ ಬಲವೆಲ್ಲ ಆ ಮೂಲೆಗೆ ಬಂದು ಕೂರುತ್ತದೆ. ಬಿರುಕು ಹುಟ್ಟೋಕೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ನಿಜಕ್ಕೂ ಟಾರ್ಕ್ ದಾಟಿಸಬೇಕಾದ್ದು ಚಾವಿ ಅಲ್ಲ, ಟೇಪರಿನ ಬಿಗಿತ. ನಟ್ಟು ಸ್ವಲ್ಪ ಸಡಿಲಾಯಿತೋ, ಫ್ಲಾಂಜ್ ಒಂದು ಕೂದಲಿನಷ್ಟು ಆಡುತ್ತದೆ, ಹೊರೆ ಚಾವಿಗೆ ಬೀಳುತ್ತದೆ. ಟೇಪರ್ ಮೇಲೆ ಕಂದು ಬಣ್ಣದ ಸಣ್ಣ ಪುಡಿ ಕಂಡರೆ ಅದು ಬರೀ ತುಕ್ಕಲ್ಲ, ಎರಡು ಲೋಹ ಉಜ್ಜಾಡಿದ ಗುರುತು. ಅಂಥ ಶಾಫ್ಟನ್ನು ಎಮರಿ ಹೊಡೆದು ಮತ್ತೆ ಹಾಕಬೇಡಿ.

ಹೊರಗಿನಿಂದ ನೋಡಿದರೆ ಬಿರುಕು ಕಾಣುವುದಿಲ್ಲ, ಫ್ಲಾಂಜ್ ಅದನ್ನು ಮುಚ್ಚಿರುತ್ತದೆ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಸವೆತ ಗೊತ್ತಾಗುತ್ತದೆ, ಬಿರುಕು ಗೊತ್ತಾಗುವುದಿಲ್ಲ. ಫ್ಲಾಂಜ್ ಬಿಚ್ಚಲೇಬೇಕು. ದಶಕಗಟ್ಟಲೆ ಕಚ್ಚಿಕೊಂಡ ಟೇಪರ್ ಸುತ್ತಿಗೆಗೆ ಬಗ್ಗುವುದಿಲ್ಲ, ಫ್ಲಾಂಜೇ ಬಗ್ಗುತ್ತದೆ. ಅದಕ್ಕೆ ಸರಿಯಾದ ದಪ್ಪ ಪುಲ್ಲರ್, ಹೈಡ್ರಾಲಿಕ್ ಪ್ರೆಸ್ ಬೇಕು. ಬಿಚ್ಚಿದ ಮೇಲೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡಿಸಿ. ಭಾಗವನ್ನು ಅಯಸ್ಕಾಂತ ಮಾಡಿ ಮೇಲೆ ಕಬ್ಬಿಣದ ಪುಡಿ ಬಿಡುತ್ತಾರೆ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಪಿಂಪ್ರಿ-ಚಿಂಚವಾಡದಂಥ ಊರಲ್ಲಿ ಇದನ್ನು ಮಾಡುವ ಲ್ಯಾಬ್ ಹುಡುಕೋಕೆ ಕಷ್ಟವಿಲ್ಲ. ಇಂಗ್ಲೆಂಡಿನ ಶಾಫ್ಟಿನ ಬೆಲೆ ಮುಂದೆ ಇದರ ಖರ್ಚು ಏನೂ ಅಲ್ಲ.

ಹಾಗಾದರೆ ಒಳ್ಳೆ ಅಪ್‌ಗ್ರೇಡ್ ಹಬ್ ಅಂದರೆ ಯಾವುದು? ಬರೀ ಗಟ್ಟಿ ಉಕ್ಕಿನಲ್ಲಿ ಮಾಡಿದ ಅದೇ ಟೇಪರ್, ಅದೇ ಚಾವಿ ಇದ್ದರೆ ಅದು ಅರ್ಧ ಉತ್ತರ. ವಿನ್ಯಾಸವೇ ಬದಲಾಗಿರಬೇಕು. ಇವತ್ತಿನ ಕಾರುಗಳ ಹಾಗೆ ಫ್ಲಾಂಜ್ ಮತ್ತು ಅದರ ದಪ್ಪ ಟೊಳ್ಳು ಕೊಳವೆ ಒಂದೇ ತುಂಡಿನಲ್ಲಿ. ಆ ಕೊಳವೆಯ ಹೊರಗೆ ಬೇರಿಂಗ್, ಒಳಗೆ ಸ್ಪ್ಲೈನ್. ಡ್ರೈವ್ ಶಾಫ್ಟಿನ ತುದಿ ಆ ಸ್ಪ್ಲೈನ್ ಒಳಗೆ ಹೋಗಿ ತಿರುಗಿಸುವ ಕೆಲಸವಷ್ಟೇ ಮಾಡುತ್ತದೆ. ಬಗ್ಗಿಸುವ ಬಲವನ್ನು ದಪ್ಪ ಕೊಳವೆ ತಡೆಯುತ್ತದೆ. ಲಾರಿಯವರು ಎಂದೋ ಮಾಡಿದ ಕೆಲಸದ ಹಂಚಿಕೆ ಇಲ್ಲಿಗೂ ಬಂತು. ಮಾರುವವನಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಫ್ಲಾಂಜ್ ಒಂದೇ ತುಂಡೋ, ಟೇಪರ್ ಮೇಲೆ ಕೂರುವುದೋ? ಬೇರಿಂಗ್ ನಂಬರ್ ಏನು ಅಂತಲೂ ಕೇಳಿ. ಪುಣೆಯ ಬೇರಿಂಗ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಳತೆಯಾದರೆ ಮುಂದಿನ ಸಲ ಕಸ್ಟಮ್ಸ್ ಮುಖ ನೋಡಬೇಕಿಲ್ಲ.

ಚಕ್ರ ಹೊರಗೆ ಚಾಚಲಿ ಅಂತ ಹಬ್ ಮತ್ತು ಚಕ್ರದ ನಡುವೆ ಸ್ಪೇಸರ್ ಬಿಲ್ಲೆ ಹಾಕುವವರಿಗೆ ಒಂದು ಮಾತು. 25 ಮಿ.ಮೀ. ಸ್ಪೇಸರ್ ಅಂದರೆ ಚಕ್ರದ ಭಾರ ಬೇರಿಂಗ್‌ನಿಂದ ಅಷ್ಟು ದೂರ ಹೋಯಿತು. ಹೊಂಡಕ್ಕೆ ಬಿದ್ದ ಪ್ರತಿ ಪೆಟ್ಟೂ ಆ ಉದ್ದದ ತೋಳಿನಲ್ಲಿ ಬೀಳುತ್ತದೆ. ಹೊಸ ಹಬ್‌ಗೆ ದುಡ್ಡು ಸುರಿದು ಮೇಲೆ ಸ್ಪೇಸರ್ ಹಾಕುವುದು ಯಾಕೋ ನನಗೆ ಅರ್ಥವಾಗಿಲ್ಲ.

ಇಲ್ಲೇ ಮಾಡಿಸಬಹುದಾ?

ಪುಣೆಯಲ್ಲಿದ್ದು ಈ ಪ್ರಶ್ನೆ ಕೇಳದಿರುವುದು ಕಷ್ಟ. ಸಿಎನ್‌ಸಿ, ಗೇರ್ ಹಾಬಿಂಗ್, ಇಂಡಕ್ಷನ್ ಹಾರ್ಡನಿಂಗ್, ಅಂದರೆ ಲೋಹ ಕೊರೆಯುವ, ಹಲ್ಲು ಕತ್ತರಿಸುವ, ಗಡಸು ಮಾಡುವ ಕೆಲಸ, ಎಲ್ಲ ಹತ್ತು ಕಿಲೋಮೀಟರ್ ಒಳಗೆ. ಭೋಸರಿಯಲ್ಲಿ ಲೇತ್ ಅಂಗಡಿ ಇಟ್ಟಿರುವ ಅಥಣಿ ಕಡೆಯ ಕಾಕಾ ಒಬ್ಬರಿಗೆ ಮುರಿದ ಸ್ಟಬ್ ಶಾಫ್ಟ್ (ಹಬ್‌ನ ಆ ಗಿಡ್ಡ ಶಾಫ್ಟ್) ತೋರಿಸಿ, ಇಂಥದೇ ಒಂದು ಮಾಡಿಕೊಡ್ತೀರಾ ಅಂತ ಕೇಳಿದ್ದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅಂದರು: "ಆಕಾರ ಸಂಜೀಗೆ ಕೊಡ್ತೀನ್ರಿ. ಆದ್ರ ಇದರ ಜೀವ ಆಕಾರದಾಗ ಇಲ್ರಿ, ಹೀಟ್ ಟ್ರೀಟ್ಮೆಂಟಿನಾಗ ಐತಿ. ಅದಕ್ಕ ಜವಾಬ್ದಾರಿ ಯಾರದು?"

ಸರಿಯಾದ ಪ್ರಶ್ನೆ. ಹೀಟ್ ಟ್ರೀಟ್ಮೆಂಟ್ ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವುದು. ಇಎನ್8 ಅನ್ನುವ ದರ್ಜೆ ಸಾದಾ ಉಕ್ಕು, ಇದಕ್ಕೆ ಆಗುವುದಿಲ್ಲ. ಇಎನ್24 ಅಂದರೆ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಗಟ್ಟಿ ಉಕ್ಕು, ಶಾಫ್ಟಿಗೂ ಹಬ್‌ಗೂ ಸರಿಹೋಗುತ್ತದೆ. ಆದರೆ ಸರಳಿನ ಜೊತೆ ಟೆಸ್ಟ್ ಸರ್ಟಿಫಿಕೇಟ್ ಬೇಕು, ಹೀಟ್ ಟ್ರೀಟ್ಮೆಂಟ್ ಆದ ಮೇಲೆ ಗಡಸುತನ ಅಳೆದ ಕಾಗದ ಬೇಕು. ತೀರಾ ಗಡಸು ಮಾಡಿದರೆ ಗಾಜಿನ ಹಾಗೆ ಪಟ್ಟಂತ ಹೋಗುತ್ತದೆ. ಮಳೆಗೆ ತುಕ್ಕು ಹಿಡಿಯದಿರಲಿ ಅಂತ ಕೊನೆಗೆ ಜಿಂಕ್ ಪ್ಲೇಟಿಂಗ್ ಮಾಡಿಸುವವರಿದ್ದಾರೆ. ಗಡಸು ಉಕ್ಕಿಗೆ ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಒಳಗೆ ಹೋಗಿ ಉಕ್ಕು ಪೆಡಸಾಗುತ್ತದೆ. ತಕ್ಷಣ ಒಲೆಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸಿ ಹೈಡ್ರೋಜನ್ ಓಡಿಸದಿದ್ದರೆ, ಕೂರಿಸಿ ದಿನಗಳಾದ ಮೇಲೆ ತಾನಾಗೇ ಬಿರಿಯಬಹುದು. ಸುಮ್ನೆ ಒಂದು ಕೋಟ್ ಪೇಂಟ್ ಹೊಡೆಯಿರಿ.

ಶಾಫ್ಟನ್ನು ಇಲ್ಲಿ ಮಾಡಿಸುವುದಕ್ಕೆ ನನ್ನ ಅಡ್ಡಿ ಇಲ್ಲ, ಕಾಗದಗಳು ಸರಿ ಇದ್ದರೆ. ಹಬ್ ಮಾತ್ರ ಇದನ್ನೇ ಕಸುಬಾಗಿ ಮಾಡಿ, ಓಡಿಸಿ, ಮುರಿದು ನೋಡಿದವರಿಂದ ತಗೊಳ್ಳಿ.

ಕಾನೂನಿನ ವಿಷಯ ಚಿಕ್ಕದಾಗಿ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ 'ವಿಎ' ಸರಣಿಯಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಕಾರು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು ಅಂತ ಷರತ್ತು. ಹಾಗಾಗಿ ಚಾಸಿ ಕತ್ತರಿಸದೆ, ವೆಲ್ಡ್ ಮಾಡದೆ, ಹಳೆ ತೂತುಗಳಿಗೇ ಬೋಲ್ಟ್ ಆಗಿ ಕೂರುವ ಕಿಟ್ ಆರಿಸಿ.

ಕೂರಿಸುವಾಗ

ಕಿಟ್ ಬಂದ ಮೇಲೆ ಸ್ಪ್ರಿಂಗ್ ತೆಗೆದು, ಚಕ್ರವನ್ನು ಪೂರ್ತಿ ಮೇಲೆ ಮತ್ತು ಪೂರ್ತಿ ಕೆಳಗೆ ತಂದು ಶಾಫ್ಟಿನ ಉದ್ದ ಅಳೆಯಿರಿ. ಎರಡೂ ತುದಿಯಲ್ಲಿ ಜಾರುವಿಕೆಗೆ ಒಂದಿಷ್ಟು ಜಾಗ ಉಳಿದಿರಬೇಕು. ಕಾರನ್ನು ತಗ್ಗಿಸಿದ್ದರೆ ಕಿಟ್ ಮಾಡಿದವರ ಅಳತೆ ನಿಮಗೆ ಹೊಂದುವುದಿಲ್ಲ. ಶಾಫ್ಟ್ ಕೈಯಲ್ಲಿ ತಿರುಗಿಸುತ್ತಾ ಬೂಟ್ ಎಲ್ಲಾದರೂ ತಾಗುತ್ತದಾ ನೋಡಿ, ಮುಖ್ಯವಾಗಿ ಸೈಲೆನ್ಸರ್ ಮತ್ತು ಬ್ರೇಕ್ ಪೈಪ್ ಹತ್ತಿರ.

ಡಿಫರೆನ್ಶಿಯಲ್ ಹಿಡಿದಿರುವ ಚಾಸಿ ಬ್ರಾಕೆಟ್ಟುಗಳನ್ನು ಅದೇ ದಿನ ಟಾರ್ಚ್ ಹಿಡಿದು ನೋಡಿ. ಟಿಆರ್6ರಲ್ಲಿ ಇವು ಬಿರಿಯುವುದು ಹೊಸದಲ್ಲ. ಇಷ್ಟು ದಿನ ಹಳೆ ಶಾಫ್ಟ್, ಹಳೆ ಕ್ರಾಸ್ ಪೆಟ್ಟು ನುಂಗುತ್ತಿದ್ದವು. ಎರಡನ್ನೂ ಗಟ್ಟಿ ಮಾಡಿದ ಮೇಲೆ ಪೆಟ್ಟು ನೇರ ಅಲ್ಲಿಗೆ ಹೋಗುತ್ತದೆ. ದುಡ್ಡು ಹಂಚುವಾಗ ಹಬ್, ಆಮೇಲೆ ಈ ಬ್ರಾಕೆಟ್, ಆಮೇಲೆ ಶಾಫ್ಟ್. ನನ್ನ ಸಾಲು ಇದು.

ಹಬ್ ನಟ್ಟನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ. ನಾಲ್ಕಡಿ ಪೈಪ್ ಸಿಕ್ಕಿಸಿ ಅಂದಾಜಿನಲ್ಲಿ ಎಳೆಯುವುದು ಬೇಡ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ನೋಡಿ. ಮೇ ಕೊನೆಗೆ, ಮಳೆಗೆ ಮುಂಚೆ, ಬೂಟುಗಳ ಮಡಿಕೆ ಬಿಡಿಸಿ ಸೀಳು ಹುಡುಕಿ.

ತೆಗೆದ ಹಳೆ ಭಾಗ ಚೆನ್ನಾಗಿದ್ದರೆ ಎಣ್ಣೆ ಸವರಿ, ಎಡ-ಬಲ ಬರೆದು ಡಬ್ಬದಲ್ಲಿಡಿ. ಮುಂದೆ ಕಾರು ಮಾರುವಾಗ ಮೂಲ ಭಾಗ ಕೇಳುವವರು ಇರುತ್ತಾರೆ. ಬಿರುಕು ಕಂಡ ಸ್ಟಬ್ ಶಾಫ್ಟನ್ನು ಮಾತ್ರ ಇಡಬೇಡಿ, ಹಾಗೇ ಗುಜರಿಗೂ ಹಾಕಬೇಡಿ. ಗ್ರೈಂಡರ್‌ನಲ್ಲಿ ಎರಡು ತುಂಡು ಮಾಡಿ ಹಾಕಿ. ಇಲ್ಲದಿದ್ದರೆ ಅದು ತೊಳೆದು ಪಾಲಿಶ್ ಆಗಿ ಇನ್ಯಾರದೋ ಕಾರಿಗೆ ಸೇರುತ್ತದೆ.